ಆಟದ ಅನುದಾನದಲ್ಲಿ ಅಕ್ಷರಕ್ಕೂ ಪಾಲಿರಲಿ

ಹಾರೋಹಳ್ಳಿ ಎಂದು ಬರೆಯಲು ನಮಗೆ ನಾಲ್ಕು ಅಕ್ಷರ ಸಾಕು. ಕಂಪ್ಯೂಟರು ಅದನ್ನು ಒಂಬತ್ತು ತುಂಡಾಗಿ ಇಟ್ಟುಕೊಂಡಿರುತ್ತದೆ. ಕೊನೆಯ ‘ಳ್ಳಿ’ಗೇ ನಾಲ್ಕು ತುಂಡು: ಒಂದು ಳ, ಹಲಂತ, ಮತ್ತೊಂದು ಳ, ಗುಡಿಸು. ಸಾಲಿನಲ್ಲಿ ಕೊನೆಗೆ ನಿಂತ ಗುಡಿಸು ಮೊದಲ ಳ ಮೇಲೆ ಹತ್ತಬೇಕು, ಎರಡನೆಯ ಳ ಒತ್ತಾಗಿ ಕೆಳಗಿಳಿಯಬೇಕು. ಈ ಜೋಡಣೆ ಗೊತ್ತಿಲ್ಲದ ತಂತ್ರಾಂಶದ ಕೈಗೆ ಸಿಕ್ಕರೆ ಊರಿನ ಹೆಸರು ಚೂರುಚೂರು.

ಅಕ್ಕನ ಮಗಳಿಗೆಂದು ಚೌಕಾಬಾರದ ಆಟವೊಂದನ್ನು ಬರೆಯುವಾಗ ಆದದ್ದು ಅದೇ. ಐದೈದು ಮನೆಯ ಪಟ ಮೂಡಿತು, ಕವಡೆ ಉರುಳಿದವು, ನಾಲ್ಕೂ ಬೋರಲು ಬಿದ್ದರೆ ಎಂಟು ಮನೆ ನಡೆಸುವ ಲೆಕ್ಕವೂ ಸರಿಹೋಯಿತು. ಮನೆಗಳಿಗೆ ನಮ್ಮ ಕಡೆಯ ಊರುಗಳ ಹೆಸರಿಟ್ಟೆ. ಕನಕಪುರ ಹೆಚ್ಚುಕಡಿಮೆ ಓದುವಂತಿತ್ತು. ಹಾರೋಹಳ್ಳಿ, ಚನ್ನಪಟ್ಟಣಗಳ ಗುರುತೇ ಹತ್ತಲಿಲ್ಲ. “ಮಾವ, ನಮ್ಮೂರ್ ಹೆಸ್ರು ಯಾಕಿಂಗ್ ಮುರ್ದೋಗೈತೆ?” ಅಂದಳು.

ಆಟ ಬರೆಯುವವರು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಚಿತ್ರ ಬಿಡಿಸುವುದು, ಸದ್ದು ಹೊರಡಿಸುವುದು, ಬೆರಳು ತಾಗಿದ್ದನ್ನು ಗುರುತಿಸುವುದು, ಅಕ್ಷರ ಮೂಡಿಸುವುದು ಇವೆಲ್ಲ ಸಿದ್ಧ ಲೈಬ್ರರಿಯ ಕೆಲಸ. 1998ರಲ್ಲಿ ಸ್ಯಾಮ್ ಲ್ಯಾಂಟಿಂಗಾ ಶುರುಮಾಡಿದ ಎಸ್‌ಡಿಎಲ್, ಪೈಥಾನ್ ಬಲ್ಲವರಿಗಾಗಿ ಅದರ ಮೇಲೆ ಕಟ್ಟಿದ ಪೈಗೇಮ್, ಬಾರ್ಸಿಲೋನಾದ ರಮೋನ್ ಸಂತಮರಿಯಾ ತಮ್ಮ ವಿದ್ಯಾರ್ಥಿಗಳಿಗೆ ಕಲಿಸಲೆಂದೇ 2013ರಲ್ಲಿ ಬರೆದ ರೇಲಿಬ್, ಅರ್ಜೆಂಟೀನಾದ ಇಬ್ಬರು 2014ರಲ್ಲಿ ಎಲ್ಲರಿಗೂ ತೆರೆದಿಟ್ಟ ಗೊಡೊ, ಎಲ್ಲವೂ ಮುಕ್ತ ತಂತ್ರಾಂಶ. ಯಾರು ಬೇಕಾದರೂ ಬಳಸಬಹುದು, ಒಳಗಿನ ಕೋಡ್ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಒಂದು ಕಂಪನಿಯ ಸ್ವತ್ತಾದ ತಂತ್ರಾಂಶವನ್ನೇ ನೆಚ್ಚಿಕೊಂಡರೆ ಏನಾಗುತ್ತದೆಂದು 2023ರ ಸೆಪ್ಟೆಂಬರ್‌ನಲ್ಲಿ ಕಂಡೆವು. ಆಟ ಇಷ್ಟು ಸಲ ಇನ್‌ಸ್ಟಾಲ್ ಆದರೆ ಇಷ್ಟು ಶುಲ್ಕ ಎಂದು ಆಟ ಕಟ್ಟುವ ತಂತ್ರಾಂಶದ ಕಂಪನಿ ಯೂನಿಟಿ ಘೋಷಿಸಿತು. ಜಗತ್ತಿನಾದ್ಯಂತ ಗದ್ದಲವೆದ್ದು, ಒಂದು ವರ್ಷದ ಮೇಲೆ ಅದನ್ನು ಕೈಬಿಟ್ಟಿತು.

ಮುರಿದ ಅಕ್ಷರಕ್ಕೆ ಮದ್ದು ಇಲ್ಲದಿಲ್ಲ. ಹಾರ್ಫ್‌ಬಜ್ ಎಂಬ ಇನ್ನೊಂದು ಮುಕ್ತ ಲೈಬ್ರರಿ ಇದೆ. ನಿಮ್ಮ ಆಂಡ್ರಾಯ್ಡ್ ಫೋನು, ಫೈರ್‌ಫಾಕ್ಸ್, ಲಿಬ್ರೆಆಫೀಸ್‌ಗಳಲ್ಲಿ ಒತ್ತಕ್ಷರ ಜೋಡಿಸುವುದು ಅದೇ. ಅದನ್ನು ಮುಂದೆ ನಿಂತು ಕಟ್ಟಿದವರು ಇರಾನ್ ಮೂಲದ ಬೆಹದಾದ್ ಎಸ್ಫಾಬೋದ್. ಟಿಪ್ಪುವಿನ ಕಾಲದಲ್ಲಿ ಅದೇ ಇರಾನಿನಿಂದ, ಅಂದರೆ ಅಂದಿನ ಪರ್ಷಿಯಾದಿಂದ, ಕುಶಲಕರ್ಮಿಗಳು ಬಂದು ಅರಗಿನ ಬಣ್ಣದ ಕಸುಬು ಕಲಿಸಿದರೆಂದು ಚನ್ನಪಟ್ಟಣದಲ್ಲಿ ಹೇಳುತ್ತಾರೆ. ಆ ಕಸುಬನ್ನು ನಮ್ಮವರು ಕಲಿತು, ಆಲೆಮರದ ಗೊಂಬೆಗೆ ಒಗ್ಗಿಸಿ, ತಮ್ಮದೇ ಮಾಡಿಕೊಂಡರು. ಅಕ್ಷರದ ವಿಷಯದಲ್ಲಿ ಮಾತ್ರ ನಾವಿನ್ನೂ ಕೊಟ್ಟದ್ದನ್ನು ಪಡೆಯುವ ಹಂತದಲ್ಲೇ ಇದ್ದೇವೆ.

“ಗೊಡೊ ನಾಲ್ಕನೇ ಆವೃತ್ತಿಯಲ್ಲಿ ಹಾರ್ಫ್‌ಬಜ್ ಬಂದಿದೆಯಲ್ಲ, ಇನ್ನೇನು ಬೇಕು?” ಎಂದು ಕಚೇರಿಯಲ್ಲಿ ಗೆಳೆಯರು ಕೇಳುತ್ತಾರೆ. 2023ರಲ್ಲಿ ಬಂದದ್ದು ನಿಜ, ದೊಡ್ಡ ಉಪಕಾರವೂ ಹೌದು. ಆದರೆ ಮಕ್ಕಳು ಕಲಿಯಲು ಹಗುರವಾದ ರೇಲಿಬ್‌ನಲ್ಲಿ ಜೋಡಣೆ ತಾನಾಗಿ ಬರುವುದಿಲ್ಲ. ಜೋಡಣೆ ಇದ್ದ ಕಡೆಯೂ ಕೆಲಸ ಮುಗಿಯುವುದಿಲ್ಲ. ಆಟದಲ್ಲಿ ಪಾತ್ರ ಮಾತಾಡುವಾಗ ಅಕ್ಷರಗಳು ಒಂದೊಂದಾಗಿ ಮೂಡುವುದನ್ನು ನೋಡಿರುತ್ತೀರಿ. ಇಂಗ್ಲಿಷಿನಲ್ಲಿ ಅದು ಚಂದ. ಕೋಡ್ ಬರೆದವರು ತುಂಡುಗಳನ್ನೇ ಎಣಿಸಿದ್ದರೆ ಕನ್ನಡದಲ್ಲಿ ಮೊದಲು ಳ, ಆಮೇಲೆ ಳ್, ಆಮೇಲೆ ಳ್ಳ, ಕೊನೆಗೆ ಳ್ಳಿ. ಪ್ರತಿ ಪದವೂ ಕಣ್ಣೆದುರೇ ತೊದಲುತ್ತದೆ. ಸಾಲು ಮುರಿಯುವಾಗಲೂ ಇದೇ ಪಾಡು. ಬೇರೆ ದೇಶದ ಪ್ರೋಗ್ರಾಮರ್ ಎಷ್ಟೇ ಒಳ್ಳೆಯವನಾಗಿರಲಿ, ಇದು ತಪ್ಪೆಂದು ಅವನ ಕಣ್ಣಿಗೆ ಬೀಳುವುದೇ ಇಲ್ಲ. ಯಾವ ಫಾಂಟು, ಯಾವ ಪದ, ಎಲ್ಲಿ ಕೆಟ್ಟಿತು ಎಂದು ಹೇಳಿ, ತಿದ್ದಿ ಕಳಿಸಬೇಕಾದವರು ಕನ್ನಡ ಓದುವವರೇ.

ಅಂಥವರಿಗೇನೂ ಬರವಿಲ್ಲ. ಕನಕಪುರ ರಸ್ತೆಯುದ್ದಕ್ಕೂ ಎಂಜಿನಿಯರಿಂಗ್ ಕಾಲೇಜುಗಳಿವೆ. ಕೊನೆಯ ವರ್ಷದ ಪ್ರಾಜೆಕ್ಟನ್ನು ಅಂಗಡಿಯಲ್ಲಿ ದುಡ್ಡು ಕೊಟ್ಟು ಕೊಳ್ಳುವ ವಿದ್ಯಾರ್ಥಿಗಳೂ ಇದ್ದಾರೆ. ವೈವಾ ಮುಗಿದ ಮರುದಿನ ಅದನ್ನು ಯಾರೂ ತೆರೆಯುವುದಿಲ್ಲ. ಅದರ ಬದಲು ಒಂದು ಮುಕ್ತ ಲೈಬ್ರರಿಗೆ ಕಳಿಸಿ, ಅಲ್ಲಿನವರು ಪರಿಶೀಲಿಸಿ ಸೇರಿಸಿಕೊಂಡ ಹತ್ತು ಸಾಲಿನ ತಿದ್ದುಪಡಿಯನ್ನು ಕಾಲೇಜುಗಳು ಪ್ರಾಜೆಕ್ಟ್ ಎಂದು ಒಪ್ಪಿ ಅಂಕ ಕೊಡಲಿ. ಕೊಂಡು ತಂದದ್ದು ಅಂಥ ಪರೀಕ್ಷೆ ದಾಟುವುದಿಲ್ಲ.

ಹುಮ್ಮಸ್ಸಿನ ಹುಡುಗರು ಬಿಡುವಿನಲ್ಲಿ ಮಾಡಲಿ ಎಂದು ಬಿಟ್ಟುಬಿಟ್ಟರೂ ಸಾಲದು. ಲೈಬ್ರರಿ ಕಾಯುವುದು ವರ್ಷಗಟ್ಟಲೆಯ ದುಡಿಮೆ, ಅದಕ್ಕೆ ಕೂಲಿ ಬೇಕು. ಅನಿಮೇಶನ್, ಗೇಮಿಂಗ್ ಉದ್ಯಮಕ್ಕೆಂದು 2012ರಲ್ಲೇ ದೇಶದಲ್ಲಿ ಮೊದಲು ನೀತಿ ತಂದ ರಾಜ್ಯ ನಮ್ಮದು. ಈಗ 2024–29ರ ಹೊಸ ನೀತಿ ಜಾರಿಯಲ್ಲಿದೆ. ಸ್ಟುಡಿಯೊಗಳಿಗೆ ನೆರವು ಕೊಡುವುದಕ್ಕೆ ನನ್ನ ತಕರಾರಿಲ್ಲ. ಆದರೆ ಒಂದು ಸ್ಟುಡಿಯೊ ಮುಚ್ಚಿದರೆ ಅದರ ಆಟವೂ ಮುಚ್ಚುತ್ತದೆ. ಲೈಬ್ರರಿಗೆ ಸೇರಿದ ತಿದ್ದುಪಡಿ ಮುಂದಿನ ಆಟಗಳಿಗೆಲ್ಲ ಒದಗುತ್ತದೆ, ತೆಲುಗಿನವರಿಗೂ ಮಲಯಾಳಿಗಳಿಗೂ ಉಪಯೋಗಕ್ಕೆ ಬರುತ್ತದೆ.

ಆದ್ದರಿಂದ ಅನುದಾನದ ಅರ್ಜಿಯಲ್ಲಿ ಒಂದು ಕಾಲಂ ಸೇರಿಸಿ: ‘ನೀವು ಬಳಸುವ ಮುಕ್ತ ಲೈಬ್ರರಿಗೆ ಕನ್ನಡದ ಯಾವ ತಿದ್ದುಪಡಿ ವಾಪಸ್ ಕೊಟ್ಟಿದ್ದೀರಿ?’ ಮೊದಲ ವರ್ಷ ಎಲ್ಲರೂ ಖಾಲಿ ಬಿಟ್ಟಾರು, ಬಿಡಲಿ. ಎರಡನೇ ವರ್ಷವೂ ಖಾಲಿ ಬಿಟ್ಟವರಿಗೆ ಹಣ ಕೊಡಬೇಡಿ.