ಕಾಲು ನೆಲ ಬಿಡುವ ಮುನ್ನ



ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು ಎಂಬುದು ನಮ್ಮ ಸೀಮೆಯ ಹಳೆಯ ಗಾದೆ. ಕಾಲಿನ ಮೇಲೆಯೂ ಕಣ್ಣಿನ ಮೇಲೆಯೂ ನಂಬಿಕೆಯಿಟ್ಟು ಬದುಕಿದ ಜನ ನಾವು. ಕಾಲು ನೆಲದ ಮೇಲಿರಬೇಕು, ದಾರಿ ಕಣ್ಣಿಗೆ ಕಾಣುತ್ತಿರಬೇಕು. ಅಷ್ಟಿದ್ದರೆ ಎಷ್ಟು ದೂರವಾದರೂ ಹೋದೇವು. ಆದರೆ ಇಂದಿನ ಸಂಸಾರಗಳ ಸ್ಥಿತಿ ಹಾಗಿಲ್ಲ. ಮಗ ಬೆಂಗಳೂರಿನಲ್ಲಿ, ಮಗಳು ಪುಣೆಯಲ್ಲಿ, ಮೊಮ್ಮಕ್ಕಳು ಅಮೇರಿಕೆಯಲ್ಲಿ ಎಂಬಂತಾಗಿದೆ. ರಜೆ ಬಂದರೆ ಮಕ್ಕಳು ವಿಮಾನದ ಟಿಕೇಟು ತೆಗೆಸಿ ಕರೆಯುತ್ತಾರೆ. ಹಿರಿಯರು ಮೇಲೆ ನಗುತ್ತಾರೆ, ಒಳಗೆ ನಡುಗುತ್ತಾರೆ. ಈ ತಿಂಗಳು ಆ ನಡುಕದ ವಿಷಯವನ್ನೇ ಬರೆಯಬೇಕೆಂದು ಕುಳಿತಿದ್ದೇವೆ. ಬೇರೆಯವರ ಕಥೆಯನ್ನಲ್ಲ, ನಮ್ಮದನ್ನೇ.

ಶಾಲೆಯಲ್ಲಿ ಮೂರು ದಶಕಗಳ ಕಾಲ ಮಕ್ಕಳಿಗೆ ಧೈರ್ಯದ ಪಾಠ ಹೇಳಿದವರು ನಾವು. ಆದರೆ ವಿಮಾನವೆಂದರೆ ನಮಗೆ ಅಂಜಿಕೆ. 1990ರ ಫೆಬ್ರುವರಿ 14ರಂದು ಬೆಂಗಳೂರಿನ ವಿಮಾನ ನಿಲ್ದಾಣದ ಸಮೀಪ ವಿಮಾನವೊಂದು ಬಿದ್ದು 92 ಜನ ಮಡಿದ ವಾರ್ತೆಯನ್ನು ರೇಡಿಯೋದಲ್ಲಿ ಕೇಳಿದ ದಿನ ಅದು ಎದೆಯಲ್ಲಿ ಕುಳಿತಿತು. 2010ರ ಮೇ 22ರಂದು ಮಂಗಳೂರಿನಲ್ಲಿ ದುಬೈಯಿಂದ ಬಂದ ವಿಮಾನವು ಓಡುದಾರಿಯನ್ನು ದಾಟಿ ಕಣಿವೆಗೆ ಉರುಳಿ 158 ಜನ ತೀರಿಕೊಂಡಾಗ ಅದು ಬೇರು ಬಿಟ್ಟಿತು. ಯಾರಿಗೂ ಹೇಳಲಿಲ್ಲ. ಗಂಡಸು, ಅದರಲ್ಲಿಯೂ ಮಾಸ್ತರು, ಅಂಜುತ್ತೇನೆಂದು ಹೇಳುವುದುಂಟೇ ಎಂಬ ಹುಸಿ ಮರ್ಯಾದೆ.

ಆ ಮರ್ಯಾದೆಗೆ ನಾವು ತೆತ್ತ ಬೆಲೆಯನ್ನು ಇಲ್ಲಿ ಹೇಳಿಬಿಡುತ್ತೇವೆ. 2018ರಲ್ಲಿ ದೆಹಲಿಯಲ್ಲಿ ಮಗನ ಮನೆಯಲ್ಲಿದ್ದ ನಮ್ಮ ಅಕ್ಕನಿಗೆ ದೇಹಾಲಸ್ಯ ಹೆಚ್ಚಾಯಿತು. "ಮಾವಾ, ಅವ್ವ ನಿಮ್ಮನ್ನ ಕೇಳಾಕತ್ಯಾಳ. ಟಿಕೇಟು ನಾ ತೆಗಸ್ತೀನಿ, ಹುಬ್ಬಳ್ಳಿಗೆ ಬಂದು ವಿಮಾನ ಹತ್ತರಿ" ಎಂದು ಅಳಿಯ ಫೋನು ಮಾಡಿದ. ಕಿವಿಯ ಬೇನೆಯಿದೆ, ಡಾಕ್ಟರು ವಿಮಾನ ಬೇಡವೆಂದಿದ್ದಾರೆ ಎಂದು ನಾವು ಸುಳ್ಳು ಹೇಳಿ ರೈಲು ಹಿಡಿದೆವು. ದಾರಿಯಲ್ಲಿರುವಾಗಲೇ ಅಕ್ಕ ಲಿಂಗೈಕ್ಯಳಾದಳು. ತಾಯಿ ತೀರಿದ ಮೇಲೆ ನಮ್ಮನ್ನು ಎತ್ತಿ ಆಡಿಸಿದ ಅಕ್ಕ ಅವಳು. ವಿಮಾನ ಹತ್ತಿದ್ದರೆ ಅವಳ ಕೈ ಹಿಡಿಯಲು ಒಂದು ರಾತ್ರಿಯಾದರೂ ಸಿಗುತ್ತಿತ್ತು. ಅಳಿಯ ಇಂದಿಗೂ ಕಿವಿ ಹೇಗಿದೆಯೆಂದು ಕೇಳುತ್ತಾನೆ. ಆ ಪ್ರಶ್ನೆಯಷ್ಟು ನೋಯಿಸುವ ಮಾತು ಬೇರೊಂದಿಲ್ಲ.

ಇನ್ನು ಈಚಿನ ಮಾತು. 2025ರ ಬೇಸಿಗೆ ರಜೆಗೆ ಊರಿಗೆ ಬಂದ ಮಗ, ದಸರಾ ರಜೆಯಲ್ಲಿ ಎಲ್ಲರೂ ಕೂಡಿ ಕಾಶಿಗೆ ಹೋಗೋಣ, ಬೆಂಗಳೂರಿನಿಂದ ವಿಮಾನದಲ್ಲಿ ಎರಡೂವರೆ ಗಂಟೆಯ ಹಾದಿ ಎಂದ. ಕಾಶಿಯ ಗಂಗೆಯನ್ನೂ ಜಂಗಮವಾಡಿ ಮಠವನ್ನೂ ನೋಡಬೇಕೆಂಬುದು ನಮ್ಮ ಮನೆಯವರ ಬಹುದಿನದ ಹಂಬಲ. ಆದರೆ ಅವರ ಮೊಣಕಾಲುಗಳು ಸೋತಿವೆ. ಎರಡು ದಿನ ರೈಲಿನಲ್ಲಿ ಕೂಡುವ ಶಕ್ತಿಯಿಲ್ಲ. ವಿಮಾನವಾದರೆ ಕಾಶಿ, ಇಲ್ಲವಾದರೆ ಇಲ್ಲ. ನಾವು ಹೂಂ ಎಂದೆವು. ಅಷ್ಟರಲ್ಲಿ ಜೂನ್ 12ರಂದು ಅಹಮದಾಬಾದಿನ ದುರಂತ ನಡೆಯಿತು. ವಿಮಾನದಲ್ಲಿದ್ದ 242 ಜನರಲ್ಲಿ ಉಳಿದವನು ಒಬ್ಬನೇ. ಆ ಹೊಗೆಯ ಚಿತ್ರವನ್ನು ಟಿ.ವಿ.ಯಲ್ಲಿ ನೂರು ಸಲ ನೋಡಿದೆವು. ಹಲವು ರಾತ್ರಿ ನಿದ್ರೆ ಬರಲಿಲ್ಲ. ಮನದಲ್ಲಿ ಮತ್ತೆ ಕಿವಿಯ ಬೇನೆ ಹುಟ್ಟಿಕೊಳ್ಳತೊಡಗಿತು!

ನಮ್ಮನ್ನು ಹಿಡಿದವನು ಮೊಮ್ಮಗ. ಫೋನಿನಲ್ಲಿ, "ಅಜ್ಜಾ, ಖರೇ ಹೇಳು, ನಿನಗ ವಿಮಾನಂದ್ರ ಅಂಜಿಕಿ ಐತಿ ಹೌದಿಲ್ಲೋ?" ಎಂದು ಕೇಳಿಯೇ ಬಿಟ್ಟ. ಎದುರಿಗೆ ಮನೆಯವರು ಅಕ್ಕಿ ಆರಿಸುತ್ತ ಕುಳಿತಿದ್ದರು. ಅವರ ಕೈ ನಿಂತಿತು. ಅಕ್ಕನ ಮುಖ ನೆನಪಾಯಿತು. "ಹೌದಪ್ಪಾ, ಐತಿ" ಎಂದೆವು. ಆಶ್ಚರ್ಯವೇನೆಂದರೆ ಆಕಾಶ ಕಳಚಿ ಬೀಳಲಿಲ್ಲ. ಮನೆಯವರು, "ನನಗೂ ಐತ್ರಿ. ನೀವು ಅಂಜೂದಿಲ್ಲ ಅಂತ ನಾ ಸುಮ್ಮನಿದ್ದೆ" ಎಂದರು. ಇಬ್ಬರೂ ನಕ್ಕೆವು. ಪರಿಹಾರವು ಆರಂಭವಾದದ್ದು ಆ ನಗೆಯಿಂದ.

ಮರುವಾರ ಗಂಗಾವತಿಗೆ ಹೋಗಿ ನಮಗೆ ಪರಿಚಿತರಾದ ವೈದ್ಯರನ್ನು ಕಂಡೆವು. ಅವರು ಹೇಳಿದ ಮಾತು ಎಲ್ಲ ಕುಟುಂಬಗಳಿಗೂ ಉಪಯುಕ್ತವಾದುದು. ಅಂಜಿಕೆಯೆಂಬುದು ಹೇಡಿತನವಲ್ಲ, ದೇಹದ ಎಚ್ಚರಿಕೆಯ ಗಂಟೆ. ಅಪಾಯವಿದೆಯೆಂದು ಮನಸ್ಸು ಬಗೆದೊಡನೆ ದೇಹವು ಅಡ್ರಿನಲಿನ್ ಎಂಬ ದ್ರವವನ್ನು ರಕ್ತಕ್ಕೆ ಬಿಡುತ್ತದೆ. ಎದೆ ಬಡಿಯುತ್ತದೆ, ಅಂಗೈ ಬೆವರುತ್ತದೆ, ಉಸಿರು ಮೇಲುಮೇಲಕ್ಕೆ ಓಡುತ್ತದೆ. ಈ ಅಲೆ ಏರುತ್ತಲೇ ಹೋಗುವುದಿಲ್ಲ. ಕೆಲವು ನಿಮಿಷಗಳಲ್ಲಿ ತುದಿ ಮುಟ್ಟಿ ತಾನಾಗಿಯೇ ಇಳಿಯುತ್ತದೆ. ಅದು ಇಳಿಯುವ ಮೊದಲೇ ನಾವು ಓಡಿಹೋದರೆ, ಓಡಿದ್ದರಿಂದಲೇ ಬದುಕಿದೆನೆಂದು ಮನಸ್ಸು ತಪ್ಪು ಪಾಠ ಕಲಿಯುತ್ತದೆ. ಮುಂದಿನ ಸಲ ಅಂಜಿಕೆ ಇಮ್ಮಡಿಯಾಗುತ್ತದೆ. ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ ಎದುರಿಸಿ ಪರಿಚಯ ಮಾಡಿಕೊಳ್ಳುವುದೇ ಇದಕ್ಕೆ ಮದ್ದು.

ನಾವು ಹಾಗೆಯೇ ಮಾಡಿದೆವು. ಮೊದಲ ಮೆಟ್ಟಿಲು ತಿಳಿವಳಿಕೆ. ಗಾಳಿ ಬರಿದಾದುದು, ಅದರ ಮೇಲೆ ಇಷ್ಟು ಭಾರದ ಲೋಹ ಹೇಗೆ ನಿಂತೀತು ಎಂಬುದು ನಮ್ಮ ಶಂಕೆಯಾಗಿತ್ತು. ಆನೆಗೊಂದಿಯಲ್ಲಿ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದವರಿಗೆ ನೀರು ಭಾರ ಹೊರುತ್ತದೆಂದು ಗೊತ್ತು. ವೇಗ ಕೂಡಿದಾಗ ಗಾಳಿಯೂ ಹೊರುತ್ತದೆ. ಬಾಲ್ಯದಲ್ಲಿ ಬಸ್ಸಿನ ಕಿಟಕಿಯ ಹೊರಗೆ ಅಂಗೈ ಚಾಚಿ ತುಸು ಓರೆ ಮಾಡಿದಾಗ ಕೈ ತಾನೇ ಮೇಲಕ್ಕೆ ಏರುತ್ತಿದ್ದುದು, ಹಿರಿಯರು ಗದರಿಸುತ್ತಿದ್ದುದು ನೆನಪಿದೆಯಲ್ಲವೇ? ವಿಮಾನದ ರೆಕ್ಕೆ ಮಾಡುವುದೂ ಆ ಕೆಲಸವನ್ನೇ. ಎರಡು ಇಂಜಿನುಗಳಲ್ಲಿ ಒಂದು ನಿಂತರೂ ಇನ್ನೊಂದರ ಬಲದಿಂದ ಹಾರಿ ಇಳಿಯುವಂತೆ ಪ್ರಯಾಣಿಕರ ಜೆಟ್ ವಿಮಾನಗಳನ್ನು ಕಟ್ಟಿರುತ್ತಾರೆ. ಹತ್ತು ಕಿ.ಮೀ. ಎತ್ತರದಲ್ಲಿ ಎರಡೂ ನಿಂತರೆ ಕಲ್ಲಿನಂತೆ ಬೀಳುವುದಿಲ್ಲ. ಸುಮಾರು 150 ಕಿ.ಮೀ.ವರೆಗೆ, ಅಂದರೆ ಹೆಚ್ಚುಕಡಿಮೆ ಕನಕಗಿರಿಯಿಂದ ಹುಬ್ಬಳ್ಳಿಯಷ್ಟು ದೂರ, ತೇಲುತ್ತ ಸಾಗಬಲ್ಲದು. 2009ರ ಜನವರಿ 15ರಂದು ನ್ಯೂಯಾರ್ಕಿನಲ್ಲಿ ಹಕ್ಕಿಗಳ ಹಿಂಡು ಬಡಿದು ಎರಡೂ ಇಂಜಿನುಗಳು ಶಕ್ತಿ ಕಳೆದುಕೊಂಡ ವಿಮಾನವನ್ನು ಚಾಲಕರು ಹಡ್ಸನ್ ನದಿಯ ಮೇಲೆ ಇಳಿಸಿದರು. 155 ಜನರೂ ಬದುಕಿದರು.

ಅಪಘಾತವೇ ಆಗದೆಂದು ಹೇಳುವವರು ನಾವಲ್ಲ. ಹಾಗೆ ಹೇಳಿದರೆ ಅಹಮದಾಬಾದಿನಲ್ಲಿ ತೀರಿಕೊಂಡವರಿಗೆ ಅಪಚಾರ ಮಾಡಿದಂತೆ. ಆದರೆ ಅಳತೆ ತಪ್ಪಬಾರದು. ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟದ ಲೆಕ್ಕದಂತೆ 2023ರಲ್ಲಿ ಜಗತ್ತಿನಲ್ಲಿ 3 ಕೋಟಿ 70 ಲಕ್ಷಕ್ಕೂ ಹೆಚ್ಚು ಹಾರಾಟಗಳು ನಡೆದು, ಪ್ರಾಣಹಾನಿಯಾದ ಅಪಘಾತ ನೇಪಾಳದ ಪೋಖರಾದ್ದು ಒಂದೇ. ತೀರಿಕೊಂಡವರು 72 ಜನ. 2024 ಅದಕ್ಕಿಂತ ಕೆಟ್ಟ ವರ್ಷ; 4 ಕೋಟಿಗೂ ಮಿಕ್ಕಿದ ಹಾರಾಟಗಳಲ್ಲಿ ಅಂಥ 7 ಅಪಘಾತಗಳು, 244 ಸಾವುಗಳು. ನಮ್ಮ ದೇಶದ ರಸ್ತೆಗಳಲ್ಲಿಯೋ, 2022ನೆಯ ಒಂದೇ ವರ್ಷದಲ್ಲಿ 1,68,491 ಜನ ಸತ್ತರೆಂದು ಕೇಂದ್ರ ಸರ್ಕಾರದ ವರದಿಯೇ ಹೇಳುತ್ತದೆ. ರಸ್ತೆಯಲ್ಲಿ ಓಡಾಡುವವರು ಬಹಳ, ಆದ್ದರಿಂದ ಎರಡನ್ನೂ ನೇರವಾಗಿ ತೂಗಲಾಗದು, ನಿಜ. ಆದರೂ ಹಿಂದುಮುಂದು ನೋಡದೆ ಮೋಟಾರು ಸೈಕಲ್ಲಿನ ಮೇಲೆ ಹೆಲ್ಮೆಟ್ಟಿಲ್ಲದೆ ಗಂಗಾವತಿಗೆ ಹೋಗಿಬರುವ ನಾವು ವಿಮಾನಕ್ಕೆ ಮಾತ್ರ ಅಂಜುವುದು ಲೆಕ್ಕದ ಮಾತಲ್ಲ, ಚಿತ್ರದ ಮಾತು. ರಸ್ತೆಯ ಸಾವು ಒಂದೊಂದಾಗಿ ಬರುತ್ತದೆ, ಪತ್ರಿಕೆಯ ಮೂಲೆಯಲ್ಲಿ ಅಡಗುತ್ತದೆ. ವಿಮಾನದ ಸಾವು ಒಟ್ಟಾಗಿ ಬಂದು ಕಣ್ಣು ತುಂಬುತ್ತದೆ. ಅದನ್ನರಿತ ದಿನವೇ ಆ ಹೊಗೆಯ ಚಿತ್ರಗಳನ್ನು ನೋಡುವುದನ್ನು ಬಿಟ್ಟೆವು.

ಎರಡನೆಯ ಮೆಟ್ಟಿಲು ಉಸಿರು. ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಹೊರಬಿಡುವ ಉಸಿರು ನೀಳವಾದರೆ ಎದೆಯ ಬಡಿತ ತಗ್ಗುತ್ತದೆ. ಬೆಳಗಿನ ಲಿಂಗಪೂಜೆಯಲ್ಲಿ ಅಂಗೈಯ ಮೇಲೆ ದೃಷ್ಟಿ ನಿಲ್ಲಿಸಿ ಕೂಡುವ ಅಭ್ಯಾಸವುಳ್ಳವರಿಗೆ ಇದು ಹೊಸದೇನಲ್ಲ. ಕಷ್ಟ ಬಂದ ದಿನ ಕಲಿಯುವ ವಿದ್ಯೆಯಲ್ಲ ಇದು. ಎರಡು ತಿಂಗಳು ಮೊದಲೇ ದಿನವೂ ಹತ್ತು ನಿಮಿಷ ಮಾಡಬೇಕು.

ಮೂರನೆಯ ಮೆಟ್ಟಿಲು ಚಿಕ್ಕ ಹಾರಾಟ. ಶ್ರಾವಣದಲ್ಲಿ ಕೊಪ್ಪಳ, ಗದಗ ದಾಟಿ ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ಬೆಂಗಳೂರಿಗೆ ಹಾರಿದೆವು. ಸುಮಾರು ಒಂದು ಗಂಟೆ. ಗದಗಿನಲ್ಲಿ ಪಂಡಿತ ಭೀಮಸೇನ ಜೋಶಿಯವರ ನೆನಪಾಯಿತು. ಕಛೇರಿಯಿಂದ ಕಛೇರಿಗೆ ಸದಾ ವಿಮಾನದಲ್ಲಿ ಹಾರಾಡುತ್ತಿದ್ದ ಅವರನ್ನು, ಗುರುಗಳಾದ ಸವಾಯಿ ಗಂಧರ್ವರ ಹೆಸರಿನ ಮೇಲೆ ಶ್ಲೇಷೆ ಮಾಡಿ, ಮರಾಠಿ ಸಾಹಿತಿ ಪು. ಲ. ದೇಶಪಾಂಡೆಯವರು ಹವಾಯಿ ಗಂಧರ್ವ ಎಂದು ಕರೆದಿದ್ದರಂತೆ. ಪಕ್ಕದ ಜಿಲ್ಲೆಯ ಗಂಧರ್ವರಿಗೆ ಒಗ್ಗಿದ ಆಕಾಶ ನಮ್ಮನ್ನು ನುಂಗೀತೇ ಎಂದು ಮನಸ್ಸಿಗೆ ಹೇಳಿಕೊಂಡೆವು.

ಆ ಒಂದು ಗಂಟೆಯಲ್ಲಿ ಕಂಡದ್ದನ್ನು ಹೊಸಬರ ಉಪಯೋಗಕ್ಕಾಗಿ ಬರೆಯುತ್ತೇವೆ. ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಕಾಲಡಿ ದಢಕ್ಕೆಂದು ಸದ್ದಾಗುತ್ತದೆ. ಅದು ಚಕ್ರಗಳು ಒಳಗೆ ಮಡಚಿಕೊಳ್ಳುವ ಸದ್ದು. ಮತ್ತೆ ತುಸು ಹೊತ್ತಿಗೆ ಇಂಜಿನಿನ ಅಬ್ಬರ ಇಳಿದು, ನಿಂತೇಹೋಯಿತೇನೋ ಎನ್ನಿಸುತ್ತದೆ. ಏರುವಾಗಿನ ಪೂರ್ಣಶಕ್ತಿ ಇನ್ನು ಬೇಡವೆಂದು ಕಡಿಮೆ ಮಾಡಿರುತ್ತಾರೆ, ಅಷ್ಟೆ. ಮೋಡದಲ್ಲಿ ಕುಲುಕಾಡಿದರೆ ತಗ್ಗುದಿಣ್ಣೆಯ ಹಾದಿಯಲ್ಲಿ ಬಂಡಿ ಕುಲುಕಾಡಿದಂತೆ ಎಂದು ತಿಳಿಯಬೇಕು, ಬೆಲ್ಟು ಮಾತ್ರ ಬಿಚ್ಚಬಾರದು. ರೆಕ್ಕೆಯ ತುದಿ ಅಲುಗುವುದು ದೋಷವಲ್ಲ. ಬಾಗುವಂತೆಯೇ ಅದನ್ನು ಮಾಡಿದ್ದಾರೆ. ರೆಕ್ಕೆಯ ಬಳಿಯ ಆಸನದಲ್ಲಿ ಕುಲುಕಾಟ ಕಡಿಮೆ. ಕಿವಿ ಗಡಚಿಕ್ಕಿದರೆ ಉಗುಳು ನುಂಗಬೇಕು, ಪೆಪ್ಪರಮಿಂಟು ಚೀಪಬೇಕು. ಹೊರಡುವ ದಿನ ಚಹಾ ಕಾಫಿ ಮಿತವಾಗಿರಲಿ, ಹೊಟ್ಟೆ ಬರಿದಾಗಿರದಿರಲಿ. ಅಂಜಿಕೆಯಿದೆಯೆಂದು ಗಗನಸಖಿಗೆ ಮೊದಲೇ ಹೇಳಿದರೆ ಅವರು ನಗುವುದಿಲ್ಲ, ಒಮ್ಮೆ ಬಂದು ಮಾತನಾಡಿಸಿ ಹೋಗುತ್ತಾರೆ. ನಿದ್ರೆಯ ಗುಳಿಗೆಯನ್ನು ವೈದ್ಯರನ್ನು ಕೇಳದೆ ನುಂಗಬಾರದು. ಹೃದ್ರೋಗ, ಉಬ್ಬಸ ಮೊದಲಾದವುಳ್ಳವರು ಪ್ರಯಾಣಕ್ಕೆ ಮೊದಲೇ ವೈದ್ಯರನ್ನು ಕಾಣತಕ್ಕದ್ದು.

ನಮ್ಮ ಮನೆಯವರಿಗೆ ಇನ್ನೊಂದು ಚಿಂತೆಯಿತ್ತು. ತಪಾಸಣೆಯ ಬಾಗಿಲಲ್ಲಿ ಬೆಳ್ಳಿಯ ಕರಡಿಗೆಗೆ ಯಂತ್ರ ಸದ್ದು ಮಾಡಿದರೆ ಹೇಗೆ ಎಂದು. ಸದ್ದು ಮಾಡಿಯೇ ಮಾಡಿತು. ಇದು ನಮ್ಮ ಇಷ್ಟಲಿಂಗ, ಮೈಮೇಲೆ ಧರಿಸುವುದು ಎಂದು ಮೊದಲೇ ವಿನಯದಿಂದ ಹೇಳಿ ತೋರಿಸಿದೆವು. ಮಹಿಳಾ ಸಿಬ್ಬಂದಿ ನೋಡಿ ಕೈಮುಗಿದು ಕಳಿಸಿದರು. ಗಾಬರಿಗೊಂಡು ಮುಚ್ಚಿಟ್ಟುಕೊಳ್ಳುವುದಕ್ಕಿಂತ ಹೇಳಿಬಿಡುವುದು ಲೇಸು. ಯೋಚಿಸಿದರೆ, ಈ ಲೇಖನದ ಸಾರವೆಲ್ಲ ಆ ಮಾತಿನಲ್ಲಿಯೇ ಇದೆ.

ದಸರಾ ರಜೆಯಲ್ಲಿ ಕಾಶಿಗೆ ಹಾರಿದೆವು. ಅಂಜಿಕೆ ಹೋಯಿತೇ ಎಂದು ಕೇಳುವಿರಿ. ಹೋಗಲಿಲ್ಲ. ವಿಮಾನ ಓಡತೊಡಗಿದಾಗ ಅಂಗೈ ಬೆವರಿತು. ಮೊಮ್ಮಗ ಒಂದು ಕೈ ಹಿಡಿದಿದ್ದ, ಮನೆಯವರು ಇನ್ನೊಂದು. ನಾಲ್ಕು ಒಳಗೆ, ಆರು ಹೊರಗೆ ಎಂದು ಎಣಿಸಿದೆವು. ಅಲೆ ಏರಿತು, ತುದಿ ಮುಟ್ಟಿತು, ವೈದ್ಯರು ಹೇಳಿದಂತೆ ಇಳಿಯಿತು. ಅಂಜಿಕೆಯೂ ನಮ್ಮೊಡನೆ ಕಾಶಿಗೆ ಬಂತು. ಆದರೆ ಹೋಗುವುದೋ ಬೇಡವೋ ಎಂಬ ತೀರ್ಮಾನವನ್ನು ಅದರ ಕೈಗೆ ಕೊಡಲಿಲ್ಲ.

ಗಂಗೆಯ ದಡದಲ್ಲಿ ಮನೆಯವರು ಮೆಟ್ಟಿಲ ಮೇಲೆ ಕುಳಿತು ಬಹಳ ಹೊತ್ತು ನೀರು ನೋಡಿದರು. ನಾವು ಅಲ್ಲಿಂದಲೇ ದೆಹಲಿಯ ಅಳಿಯನಿಗೆ ಫೋನು ಮಾಡಿ ಕಿವಿಯ ನಿಜಸಂಗತಿಯನ್ನು ಹೇಳಿದೆವು. ಸ್ವಲ್ಪ ಹೊತ್ತು ಅವನು ಮಾತನಾಡಲಿಲ್ಲ. ಆಮೇಲೆ, "ಮುಂದಿನ ಸಲ ಇಲ್ಲಿಗೆ ಬರ್ರಿ ಮಾವಾ, ವಿಮಾನದಾಗ" ಎಂದ. ಬರುತ್ತೇವೆಂದು ಮಾತು ಕೊಟ್ಟಿದ್ದೇವೆ.

ಬಂಧುಗಳೇ, ನಿಮ್ಮ ಮನೆಯ ಹಿರಿಯರು ಪ್ರವಾಸದ ಮಾತು ಬಂದೊಡನೆ ಮೊಣಕಾಲು, ಕಿವಿ, ಬಿತ್ತನೆಯ ಕೆಲಸ ಎಂದು ನೆಪ ತೆಗೆದರೆ ಹಟಮಾರಿಗಳೆಂದು ಬೇಸರಪಡಬೇಡಿ. ಮೆಲ್ಲಗೆ ಕೇಳಿ, ಅಂಜಿಕೆಯಿದೆಯೇ ಎಂದು. ಹಿರಿಯರೇ, ಕೇಳಿದಾಗ ನಿಜ ಹೇಳಿ. ನೆಪ ಹೇಳಿ ಕಳೆದುಕೊಂಡ ಮುಖಗಳು ಮತ್ತೆ ನೋಡಲು ಸಿಗುವುದಿಲ್ಲ.