ಹಾರುವ ಯಂತ್ರಕ್ಕೊಂದು ವಹಿ ಬೇಡವೇ?

ಹೋದ ಹಿಂಗಾರಿಯ ಮಾತು. ಮುಂಡರಗಿ ಸೀಮೆಯ ನಮ್ಮ ಎರೆ ಹೊಲದಲ್ಲಿ 4 ಎಕರೆ ಕಡಲೆ ಕಾಯಿ ಕಟ್ಟುತ್ತಿತ್ತು. ಅದೇ ಹೊತ್ತಿಗೆ ಕಾಯಿಕೊರಕ ಬಿತ್ತು. ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣೆ ಹೊಡೆಯುವ ಆಳು ಊರಲ್ಲಿ ಸಿಗಲಿಲ್ಲ. ಎಕರೆಗೆ 400 ರೂಪಾಯಿಯಂತೆ ಬಾಡಿಗೆ ಮಾತಾಡಿ ಡ್ರೋನ್ ತರಿಸಿದೆ.

ಹುಡುಗನೊಬ್ಬ ಅದನ್ನು ತಂದು ಬದುವಿನ ಮೇಲಿಟ್ಟ. ನಾಲ್ಕು ನಾಜಲ್‌ಗಳಲ್ಲಿ ಮೂರು ಚೆನ್ನಾಗಿ ಸಿಡಿಸುತ್ತಿದ್ದವು. ನಾಲ್ಕನೆಯದು ಬರೀ ತೊಟ್ಟಿಕ್ಕುತ್ತಿತ್ತು. “ಇದೊಂದು ಕಟ್ಟೇತಲ್ಲೋ ತಮ್ಮಾ?” ಎಂದೆ. ಅವನು ಸೂಜಿಯಿಂದ ಚುಚ್ಚಿದ, ವಿಷದ ನಾಜಲ್ಲನ್ನು ಬಾಯಿಂದಲೇ ಊದಿದ. “ಬಾಡಿಗಿ ಮಷಿನ್ ಐತ್ರಿ ಕಾಕಾ, ಇಷ್ಟ ನಡೀತೈತಿ” ಎಂದು ಮೇಲಕ್ಕೆ ಬಿಟ್ಟ. ನಾನೂ ಸುಮ್ಮನಾದೆ.

ಹತ್ತು ದಿನಕ್ಕೆ ಹೊಲವೇ ಉತ್ತರ ಹೇಳಿತು. ಕಂಬಳಿಗೆ ಗೆರೆ ಹಾಕಿದಂತೆ ಒಂದು ಪಟ್ಟಿ ಚಲೋ ಕಾಯಿ, ಪಕ್ಕದ ಪಟ್ಟಿಯಲ್ಲಿ ತೂತು ಬಿದ್ದ ಕಾಯಿ. ಹುಳುವಿಗೆ ನಾನೇ ಪಾಲು ಹಂಚಿಕೊಟ್ಟಂತಾಗಿತ್ತು.

ಇದನ್ನು ವಿಮಾನವೆಂದರೆ ನಗಬೇಡಿ. 2021ರ ಡ್ರೋನ್ ನಿಯಮಗಳು ಇದನ್ನು ಚಾಲಕನಿಲ್ಲದ ವಿಮಾನವೆಂದೇ ಕರೆಯುತ್ತವೆ. 2 ಕೆಜಿ ಮೀರಿದ, 25 ಕೆಜಿ ದಾಟದ ಡ್ರೋನ್ ‘ಸಣ್ಣ’ ವರ್ಗಕ್ಕೆ ಸೇರುತ್ತದೆ. ಅಂದರೆ ಕಪ್ಪತಗುಡ್ಡದ ನೆರಳಲ್ಲಿರುವ ನಾವೂ ಈಗ ಸಣ್ಣ ವಿಮಾನ ಬಾಡಿಗೆ ಹಿಡಿಯುವವರೇ. ಹಾಗಾದರೆ ವಿಮಾನ ಬಾಡಿಗೆ ಹಿಡಿಯುವವರ ಶಿಸ್ತು ನಮಗೇಕೆ ಬೇಡ?

ಅಮೆರಿಕದಲ್ಲಿರುವ ನನ್ನ ಸೋದರಳಿಯ ರಜೆಯ ದಿನ ಗಂಟೆ ಲೆಕ್ಕದಲ್ಲಿ ಪುಟ್ಟ ವಿಮಾನ ಹಿಡಿದು ಹಾರುತ್ತಾನೆ. ಹತ್ತುವ ಮೊದಲು ಅದರ ಸುತ್ತ ಬರುತ್ತಾನೆ. ಟ್ಯಾಂಕಿನಿಂದ ಒಂದಿಷ್ಟು ಇಂಧನ ಬಸಿದು, ಅದರಲ್ಲಿ ನೀರು ಸೇರಿದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಾನೆ. ಹಿಂದೆ ಹಾರಿಸಿದವರು ಕಂಡ ದೋಷ ಬರೆದಿಟ್ಟ ವಹಿ ಓದುತ್ತಾನೆ. ಹಾರಾಟಕ್ಕೆ ಬೇಕೇಬೇಕಾದ ಉಪಕರಣ ಕೆಟ್ಟಿದ್ದರೆ ವಿಮಾನ ಏಳುವಂತಿಲ್ಲ. ಇಲ್ಲದೆಯೂ ನಡೆಯುವಂಥದ್ದು ಕೆಟ್ಟಿದ್ದರೆ ಅದನ್ನು ಕಳಚಬೇಕು, ಇಲ್ಲವೇ ನಿಷ್ಕ್ರಿಯಗೊಳಿಸಿ ‘ಕೆಲಸ ಮಾಡುವುದಿಲ್ಲ’ ಎಂಬ ಚೀಟಿ ಅಂಟಿಸಬೇಕು. ಅಲ್ಲಿನ ಕಾನೂನೇ ಹಾಗಿದೆ. ಕೆಟ್ಟದ್ದನ್ನು ಕೆಟ್ಟಿದೆ ಎಂದು ಬರೆಯುವುದು ಅಲ್ಲಿ ನಾಚಿಕೆಯಲ್ಲ, ಕರ್ತವ್ಯ.

ನಮ್ಮಲ್ಲಿ ಸಣ್ಣ ವಿಮಾನದ ದೋಷ ಸುದ್ದಿಯಾಗುವುದು ಅದು ಹೊಲಕ್ಕೆ ಇಳಿದಾಗ. 2023ರ ಮೇ 30ರಂದು ಬೆಳಗಾವಿಯ ಸಾಂಬ್ರಾದಿಂದ ಹೊರಟ ಎರಡು ಸೀಟಿನ ತರಬೇತಿ ವಿಮಾನ ತಾಂತ್ರಿಕ ದೋಷದಿಂದ ಹೊನ್ನಿಹಾಳದ ಹೊಲದಲ್ಲಿ ತುರ್ತಾಗಿ ಇಳಿಯಿತು. ಒಳಗಿದ್ದ ಇಬ್ಬರೂ ಬದುಕಿದರು, ನಾವೆಲ್ಲ ಪತ್ರಿಕೆಯಲ್ಲಿ ಓದಿದೆವು. ಡ್ರೋನ್ ವಿಷಯದಲ್ಲೂ ಹಾಗೇ. ಅಪಘಾತವಾದರೆ 48 ಗಂಟೆಯೊಳಗೆ ವರದಿ ಮಾಡಬೇಕೆಂದು ನಿಯಮವಿದೆ. ಆದರೆ ಕಟ್ಟಿಕೊಂಡ ನಾಜಲ್ ಅಪಘಾತವಲ್ಲವಲ್ಲ! ಅದು ಸದ್ದಿಲ್ಲದೆ ಬೆಳೆ ತಿನ್ನುತ್ತದೆ.

ನಿಯಮವೇ ಇಲ್ಲವೆಂದಲ್ಲ. 2021ರ ಡಿಸೆಂಬರಿನಲ್ಲಿ ಕೇಂದ್ರ ಕೃಷಿ ಸಚಿವಾಲಯ ಡ್ರೋನ್ ಸಿಂಪರಣೆಯ ಕ್ರಮ ಪ್ರಕಟಿಸಿದೆ. ವಿಷ ತುಂಬುವ ಮೊದಲು ಕನಿಷ್ಠ 5 ನಿಮಿಷ ಬರೀ ನೀರು ಹೊಡೆದು ಪರೀಕ್ಷಿಸಬೇಕು, ಎಲ್ಲೂ ಸೋರಿಕೆ ಇರಬಾರದು ಎಂದು ಅದರಲ್ಲಿದೆ. ಐದೇ ನಿಮಿಷ! ನನ್ನ ಬದುವಿನ ಮೇಲೆ ಆ ಐದು ನಿಮಿಷ ಯಾರಿಗೂ ಸಿಗಲಿಲ್ಲ.

ಯಾಕೆ ಸಿಗಲಿಲ್ಲ? ಆಮೇಲೆ ಆ ಹುಡುಗನನ್ನು ಕರೆದು ಚಹಾ ಕುಡಿಸಿ ಕೇಳಿದೆ. “ಕೆಟ್ಟೈತಿ ಅಂತ ಹೇಳಿದ್ರ ನೀನ ಕೆಡಿಸೀದಿ ಅಂತ ನನ್ನ ಪಗಾರದಾಗ ಮುರೀತಾರ್ರಿ ಕಾಕಾ” ಎಂದ. ಇದೇ ನೋಡಿ ರೋಗದ ಬೇರು. ದೋಷ ಕಂಡವನೇ ದೋಷಿಯಾಗುವ ಕಡೆ ಯಾರು ಬಾಯಿ ಬಿಟ್ಟಾರು?

ಹುಡುಗನ ಮೇಲೆ ಕಲ್ಲೆಸೆಯಲು ನನಗೂ ಹಕ್ಕಿಲ್ಲ. ಮೂರು ವರ್ಷದ ಹಿಂದೆ ಬಾಡಿಗೆಗೆ ತಂದ ರೋಟಾವೇಟರಿನ ಬ್ಲೇಡ್ ಕಲ್ಲಿಗೆ ಬಡಿದು ಮುರಿದಿತ್ತು. ದಂಡ ಬಿದ್ದೀತೆಂದು ಮಣ್ಣು ಮೆತ್ತಿದಂತೆಯೇ ಮರಳಿಸಿ ಬಂದೆ. ಅದನ್ನು ನನ್ನ ನಂತರ ಯಾರು ಒಯ್ದರೋ, ಯಾರ ಹೊಲ ಅರ್ಧಮರ್ಧ ಆಯಿತೋ! ಕಡಲೆಯ ಪಟ್ಟಿ ನೋಡಿದ ದಿನ ಅವರ ನೆನಪಾಯಿತು.

“ಇದರಾಗ ಯಾರೂ ಕುಂತು ಹಾರೂದಿಲ್ಲ, ಬಿದ್ದರ ಏನಾದೀತು?” ಎಂದು ಕೇಳುವವರಿದ್ದಾರೆ. ಅದು ವಿಷ ಹೊತ್ತ, ತಿರುಗುವ ರೆಕ್ಕೆಯ ಯಂತ್ರ. ಪಕ್ಕದ ಹೊಲದಲ್ಲಿ ಹೆಣ್ಣುಮಕ್ಕಳು ಕಳೆ ತೆಗೆಯುತ್ತಿರುತ್ತಾರೆ. ಗುಡ್ಡದ ಕಡೆಯಿಂದ ಗಾಳಿ ಬೀಸುತ್ತದೆ. ಏನಾದೀತು ಎಂದು ಅವರನ್ನೇ ಕೇಳಿ.

ಡ್ರೋನ್ ಬೇಡವೆಂದು ನಾನು ಹೇಳುತ್ತಿಲ್ಲ. 2023ರ ನವೆಂಬರಿನಲ್ಲಿ ಕೇಂದ್ರ ಸರಕಾರ ಡ್ರೋನ್ ದೀದಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಶೇಕಡಾ 80ರಷ್ಟು, ಗರಿಷ್ಠ 8 ಲಕ್ಷ ರೂಪಾಯಿ ನೆರವು. ಸಂಘದವರು ರೈತರಿಗೆ ಬಾಡಿಗೆ ಕೊಟ್ಟು ದುಡಿಯಬೇಕು. ಒಳ್ಳೆಯದೇ. ಆದರೆ ಒಂದು ಹೊಲ ಪಟ್ಟಿ ಪಟ್ಟಿಯಾದರೆ ಊರೇ ಡ್ರೋನಿಗೆ ಬೆನ್ನು ತಿರುಗಿಸುತ್ತದೆ. ಆಗ ಉಳಿದ ಸಾಲ ತೀರಿಸುವವರು ಆ ಹೆಣ್ಣುಮಕ್ಕಳೇ.

ನಾನು ಕೇಳುವುದು ಕೋಟಿಯ ಯೋಜನೆಯಲ್ಲ. ಬಾಡಿಗೆ ಡ್ರೋನಿನ ಜೊತೆ ಒಂದು ವಹಿ ಇರಲಿ. ಕಂಡ ದೋಷ, ರಿಪೇರಿಯಾದ ದಿನ, ಮಾಡಿದವರ ಸಹಿ ಅದರಲ್ಲಿರಲಿ. ಬಾಡಿಗೆ ಕೊಡುವವನಿಗೆ ಅದನ್ನು ಓದುವ ಹಕ್ಕಿರಲಿ. ರೈತನ ಕಣ್ಣೆದುರು 5 ನಿಮಿಷ ನೀರು ಹಾರಲಿ. ದೋಷ ಬರೆದವನ ಪಗಾರಕ್ಕೆ ಯಾರೂ ಕೈ ಹಾಕದಿರಲಿ. ಈ ಕೊನೆಯದಿಲ್ಲದಿದ್ದರೆ ವಹಿಯ ಪುಟಗಳು ಬಿಳಿಯಾಗಿಯೇ ಉಳಿಯುತ್ತವೆ.

ರೋಟಾವೇಟರಿನವರ ಬಳಿ ಹೋಗಿ ಬ್ಲೇಡಿನ ದುಡ್ಡು ಕೊಟ್ಟು ಬಂದೆ. ಅವರು ನಕ್ಕರು. ನಗಲಿ. ಈ ಹಿಂಗಾರಿಗೂ ಡ್ರೋನ್ ತರಿಸುತ್ತೇನೆ. ಬದುವಿನ ಮೇಲೆ ಮೊದಲು ಕೇಳುವುದು ಎಕರೆಯ ದರವನ್ನಲ್ಲ, ವಹಿಯನ್ನು.