ಬೀಗ ಹಾಕಿದ ಮನೆಗೆ ದಾರಿ

ಈ ಸಲದ ಅಂಕಣವನ್ನು ಮುಂಬಯಿಯಲ್ಲಿ ಕುಳಿತು ಬರೆಯುತ್ತಿದ್ದರೂ ಮಾತೆಲ್ಲ ಜರ್ಮನಿಯ ಮ್ಯೂನಿಕ್ ನಗರದ್ದು. ಮಗಳು, ಅಳಿಯ ಅಲ್ಲಿದ್ದಾರೆ. ಮೊಮ್ಮಗನನ್ನು ನೋಡುವ ನೆವದಿಂದ ನಾವಿಬ್ಬರೂ ಮೂರು ತಿಂಗಳು ಇದ್ದು ಬಂದೆವು. ಹೋಗಿ ಬಂದವರು ಅರಮನೆ, ಸರೋವರ, ಹಿಮದ ಬೆಟ್ಟಗಳನ್ನು ವರ್ಣಿಸುವುದು ವಾಡಿಕೆ. ಆ ಕೆಲಸ ಮಾಡಬಲ್ಲವರು ನಮ್ಮ ಸಂಘದಲ್ಲಿಯೇ ಬೇಕಾದಷ್ಟು ಮಂದಿ ಇದ್ದಾರೆ. ನನಗೆ ಹೇಳಬೇಕೆನಿಸಿದುದು ಮಗಳ ಮನೆಯ ಕೆಳಗಿನ ಅಂತಸ್ತಿನಲ್ಲಿರುವ ತುರ್ಕಿ ಮುದುಕರ ವಿಚಾರ; ಅವರು ಐವತ್ತು ಬೇಸಗೆ ಕಾರು ನಡೆಸಿದ ಒಂದು ದಾರಿಯ ವಿಚಾರ.

ಪರಿಚಯವಾದುದು ಮೆಟ್ಟಿಲ ಮೇಲೆ. ಅವರಿಗೆ ಇಂಗ್ಲಿಷು ಬಾರದು, ನನಗೆ ಜರ್ಮನ್ ಬಾರದು. ಅವರ ಮೊಮ್ಮಗಳು ದುಭಾಷಿ. ನಾನು ಹೆಸರು ಹಿಡಿದು ಕರೆಯಹೊರಟಾಗ ಆಕೆ ತಡೆದು, "ಆಬಿ ಅನ್ನಿ, ಅಣ್ಣ ಎಂದರ್ಥ" ಎಂದಳು. ಅಂದಿನಿಂದ ಅವರು ನನಗೆ ಆಬಿ. ದಿನಾ ಸಂಜೆ ಪುಟ್ಟ ಗಾಜಿನ ಲೋಟದಲ್ಲಿ ಹಾಲಿಲ್ಲದ ಚಹ. ಮೊದಲ ದಿನ ಮುಖ ಕಿವುಚಿದ ನನ್ನಾಕೆ ಮೂರನೆಯ ವಾರಕ್ಕೆ ತಾನೇ ಕೇಳಿ ಕುಡಿಯತೊಡಗಿದಳು.

೧೯೬೧ರ ಅಕ್ಟೋಬರ ೩೦ರಂದು ಪಶ್ಚಿಮ ಜರ್ಮನಿಗೂ ತುರ್ಕಿಗೂ ಒಂದು ಒಪ್ಪಂದವಾಯಿತು. ಜರ್ಮನಿಯ ಕಾರಖಾನೆಗಳಿಗೆ ಕೈಗಳು ಬೇಕಾಗಿದ್ದವು. ತುರ್ಕಿಯಲ್ಲಿ ಕೈಗಳಿದ್ದವು, ಕೆಲಸವಿರಲಿಲ್ಲ. ಎರಡು ವರ್ಷ ದುಡಿದು ಮರಳಬೇಕೆಂಬುದು ಮೊದಲಿನ ಕರಾರು. ಪಳಗಿದ ಆಳನ್ನು ಕಳಿಸಿ ಹೊಸಬನಿಗೆ ಮತ್ತೆ ಕಲಿಸುವ ಉಸಾಬರಿ ಕಾರಖಾನೆಯವರಿಗೆ ಬೇಡವಾಗಿ, ೧೯೬೪ರಲ್ಲಿ ಆ ಕರಾರು ಬಿದ್ದುಹೋಯಿತು. ಆಬಿ ಬಂದುದು ೧೯೬೯ರಲ್ಲಿ. ಇಸ್ತಾಂಬುಲಿನಲ್ಲಿ ವೈದ್ಯರು ಹಲ್ಲನ್ನೂ ಅಂಗೈಯನ್ನೂ ಪರೀಕ್ಷಿಸಿದರಂತೆ. "ನಮ್ಮೂರ ಸಂತೆಯಲ್ಲಿ ನಾವು ಕುದುರೆ ನೋಡುತ್ತಿದ್ದುದೂ ಹೀಗೆಯೇ" ಎಂದು ಬಾಯಿ ತೆರೆದು ತೋರಿಸಿದರು. ರೈಲು ಮ್ಯೂನಿಕ್ಕಿನ ಹನ್ನೊಂದನೆಯ ಪ್ಲಾಟ್‌ಫಾರ್ಮಿಗೆ ಬಂದು ನಿಂತಿತು. ಬಂದವರನ್ನು ಅದರ ಕೆಳಗೆ, ಯುದ್ಧಕಾಲದಲ್ಲಿ ಬಾಂಬಿನಿಂದ ಮರೆಯಾಗಲು ಕಟ್ಟಿದ್ದ ನೆಲಮಾಳಿಗೆಗೆ ಇಳಿಸಿ, ಊಟ ಕೊಟ್ಟು, ಯಾವ ಊರಿನ ಯಾವ ಕಾರಖಾನೆಗೆಂದು ಹಂಚುತ್ತಿದ್ದರು.

೧೯೭೩ರ ನವೆಂಬರಿನಲ್ಲಿ ಜರ್ಮನಿ ಹೊಸ ನೇಮಕ ನಿಲ್ಲಿಸಿತು. ಒಮ್ಮೆ ಮರಳಿದರೆ ಮತ್ತೆ ಬರಲಾಗದೆಂಬ ಭಯ ಹುಟ್ಟಿತು. ಇದ್ದವರು ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ಆ ಮೇಲೆಯೇ ಈ ದಾರಿ ಸಂಸಾರಗಳ ದಾರಿಯಾಯಿತು.

ಮ್ಯೂನಿಕ್ಕಿನಿಂದ ಆಸ್ಟ್ರಿಯದ ಸಾಲ್ಜ್‌ಬರ್ಗ್, ಬೆಟ್ಟದ ಕಣಿವೆಗಳು, ಗ್ರಾಟ್ಸ್, ಆಮೇಲೆ ಅಂದಿನ ಯುಗೋಸ್ಲಾವಿಯ, ಅಲ್ಲಿ ಜಾಗ್ರೆಬ್, ಬೆಲ್‌ಗ್ರೇಡ್, ನಿಶ್, ಬಲ್ಗೇರಿಯದ ಸೋಫಿಯಾ, ಕಾಪಿಕೂಲೆ ಎಂಬ ಗಡಿ ದಾಟಿದರೆ ತುರ್ಕಿಯ ಎದಿರ್ನೆ. ಇಸ್ತಾಂಬುಲಿಗೆ ಸುಮಾರು ೧,೯೦೦ ಕಿಲೋಮೀಟರು, ಅಲ್ಲಿಂದ ಆಬಿಯ ಕೊನ್ಯಾ ಸೀಮೆಗೆ ಮತ್ತೆ ೭೦೦. ನಮ್ಮ ಮುಂಬಯಿ–ಮಂಗಳೂರು ದಾರಿಯನ್ನು ಮೂರು ಸಲ ಒಂದಕ್ಕೊಂದು ಜೋಡಿಸಿದ ಹಾಗೆ. ಕೊಂಕಣ ರೈಲು ಬರುವ ಮೊದಲು, ಎಂದರೆ ೧೯೯೮ಕ್ಕೆ ಹಿಂದೆ, ಘಾಟಿಯ ತಿರುವಿನಲ್ಲಿ ಮಕ್ಕಳ ವಾಂತಿ ಒರೆಸುತ್ತ ಬಸ್ಸಿನಲ್ಲಿ ಹೋದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಅವರ ಗಾಡಿ ಹಳೆಯ ಫೋರ್ಡ್ ಟ್ರಾನ್ಸಿಟ್. ಹಿಂದೆ ಹಾಸಿಗೆ, ಅದರ ಮೇಲೆ ನಾಲ್ಕು ಮಕ್ಕಳು. ತಲೆಯ ಮೇಲೆ ಶೀತಕ ಪೆಟ್ಟಿಗೆ, ಟೆಲಿವಿಷನ್ನು, ಊರಿನವರೆಲ್ಲರಿಗೂ ಚಾಕಲೇಟು, ಕಾಫಿ. ಬರುವಾಗ ಅದೇ ಜಾಗದಲ್ಲಿ ಮೆಣಸಿನ ಹಿಂಡಿ, ಗೋದಿಯ ನುಚ್ಚು, ಆಲಿವ್ ಕಾಯಿ. ನಾವು ಕುಚ್ಚಲಕ್ಕಿ, ಹಪ್ಪಳ, ತೆಂಗಿನಕಾಯಿ ಹೇರಿಕೊಂಡು ಬರುವುದಿಲ್ಲವೆ? ಒಂದು ಗಡಿಯಲ್ಲಿ ಸುಂಕದವನ ಕೈಗೆ ಸಿಗರೇಟಿನ ಕಟ್ಟು ಸೇರದೆ ಬಾಗಿಲು ತೆರೆಯುತ್ತಿರಲಿಲ್ಲವಂತೆ. ಅದನ್ನು ಹೇಳುವಾಗ ಆಬಿಗೆ ಕೋಪವೇ ಇಲ್ಲ. ದೇವರ ಹುಂಡಿಗೆ ಹಾಕಿದಂತೆ ಹೇಳಿದರು.

ಕೋಪ ಬಂದುದು ಜಾಗ್ರೆಬ್–ಬೆಲ್‌ಗ್ರೇಡ್ ರಸ್ತೆಯ ಮಾತಿಗೆ. ಯುದ್ಧವಾದ ಮೇಲೆ ಯುವಕರ ದಳಗಳು ಮಣ್ಣು ಹೊತ್ತು ಕಟ್ಟಿ ೧೯೫೦ರಲ್ಲಿ ತೆರೆದ ಹಾದಿ ಅದು. ಸುಮಾರು ೪೦೦ ಕಿಲೋಮೀಟರು ಬಯಲಿನಲ್ಲಿ ನೂಲು ಹಿಡಿದಂತೆ ನೇರ. ಹೋಗುವವರಿಗೂ ಬರುವವರಿಗೂ ಒಂದೇ ರಸ್ತೆ, ನಡುವೆ ತಡೆಯಿಲ್ಲ. ಬೇಸಗೆಯ ಬಿಸಿಲು, ಎರಡು ರಾತ್ರಿಯ ನಿದ್ದೆಗೇಡು, ನೇರವಾದ ದಾರಿ: ಕಣ್ಣು ತಾನಾಗಿ ಮುಚ್ಚುತ್ತದೆ. ಹೆಂಡತಿ ಪಕ್ಕದಲ್ಲಿ ಕುಳಿತು ಸೌತೆಕಾಯಿ ಹೆಚ್ಚಿ ಬಾಯಿಗಿಡುತ್ತಲೇ ಇದ್ದರಂತೆ, ಜಗಿಯುವವನು ನಿದ್ದೆ ಮಾಡುವುದಿಲ್ಲವೆಂದು. ಒಂದು ವರ್ಷ ಮುಂದಿನ ಗಾಡಿಯಲ್ಲಿದ್ದ ಗೆಳೆಯನ ಬಾಯಿಗೆ ಯಾರೂ ಏನೂ ಇಟ್ಟಿರಲಿಲ್ಲ. ಐದು ಜನ. ಮೊಮ್ಮಗಳು ಅಷ್ಟನ್ನು ಅನುವಾದಿಸಿ ಸುಮ್ಮನಾದಳು, ಮುದುಕರೂ ಸುಮ್ಮನಾದರು.

೧೯೯೧ರಲ್ಲಿ ಯುಗೋಸ್ಲಾವಿಯ ಒಡೆದು ಯುದ್ಧ ಹತ್ತಿದಾಗ ಹಂಗೇರಿ, ರುಮೇನಿಯ ಸುತ್ತಿಕೊಂಡು ಹೋದರು. ಹಣವಿದ್ದವರು ಇಟಲಿಯಿಂದ ಹಡಗಿನಲ್ಲಿ ಕಾರು ಸಾಗಿಸಿದರು. ಹೋಗದೆ ಉಳಿದ ವರ್ಷ ಮಾತ್ರ ಇಲ್ಲ. ಈಗ ಹೆದ್ದಾರಿ ಚೆನ್ನಾಗಿದೆ. ಆದರೂ ಕಾಪಿಕೂಲೆಯ ಮುಂದೆ ಬೇಸಗೆಯ ಸಾಲು ಇಂದಿಗೂ ತಪ್ಪಿಲ್ಲ.

ಪರಸ್ಥಳದ ಬಾಳಿಗೆ ಅವರ ಭಾಷೆಯಲ್ಲಿ ‘ಗುರ್ಬೆತ್’ ಎಂದು ಹೆಸರು, ಅರಬ್ಬಿಯಿಂದ ಬಂದ ಮಾತು. ನಾವು ಬಡವನನ್ನು ‘ಗರೀಬ’ ಎನ್ನುತ್ತೇವಲ್ಲ, ಅದೂ ಅದೇ ಬೇರಿನದು; ಮೂಲದಲ್ಲಿ ಅದಕ್ಕೆ ಪರಕೀಯನೆಂದರ್ಥ. ಊರು ಬಿಟ್ಟವನೇ ಬಡವನೆಂದು ಅರ್ಥ ತಿರುಗಿದ್ದು ಯಾವಾಗಲೋ! ಜರ್ಮನಿಯಲ್ಲಿ ಅವರು ಪರದೇಶಿ. ಊರಿಗೆ ಹೋದರೆ ‘ಆಲ್ಮಾಂಜಿ’, ಜರ್ಮನಿಯವನು. ಕುಂದಾಪುರದ ಪೇಟೆಯಲ್ಲಿ ನಾವು ಮೀನು ಕೇಳಿದೊಡನೆ "ಬೊಂಬಾಯಿಯವರು ಬಂದರು" ಎಂದು ಬೆಲೆ ಏರುವುದು ನೆನಪಾಯಿತು.

ಇಷ್ಟು ಪಾಡು ಪಟ್ಟು ಹೋಗುವುದೆಲ್ಲಿಗೆ? ಒಂದು ಮನೆಗೆ. ಮೂರು ಅಂತಸ್ತು, ಮೂವರು ಗಂಡುಮಕ್ಕಳಿಗೆ ಒಂದೊಂದು. ನಾಲ್ಕನೆಯದಕ್ಕೆಂದು ತಾರಸಿಯ ಮೇಲೆ ಕಬ್ಬಿಣದ ಸಲಾಕಿಗಳನ್ನು ಬಿಟ್ಟಿದ್ದಾರೆ, ತುಕ್ಕು ಹಿಡಿದಿವೆ. ಮೇಲಿನ ಅಂತಸ್ತಿನ ಸೋಫಾಕ್ಕೆ ಅಂಗಡಿಯವನು ಹೊದಿಸಿದ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆದಿಲ್ಲ. ಮಕ್ಕಳು ವಿಮಾನದಲ್ಲಿ ಮೂರು ತಾಸಿಗೆ ಸಮುದ್ರತೀರಕ್ಕೆ ಹೋಗಿ, ಹೋಟೆಲಿನಲ್ಲಿದ್ದು, ಹಳ್ಳಿಗೆ ಎರಡು ದಿನ ಬಂದು ಮರಳುತ್ತಾರೆ. ವರ್ಷದ ಹನ್ನೊಂದು ತಿಂಗಳು ಬೀಗ.

ನಾನು ಮುಲಾಜಿಲ್ಲದೆ ಕೇಳಿದೆ: "ಮಾರಬಾರದೆ, ಆಬಿ?"

ಅವರು ನಕ್ಕರು. "ಮನೆ ಮಾರಿದರೆ ನಾನು ಕಾರು ನಡೆಸುವುದು ಎಲ್ಲಿಗೆ?"

ಆಮೇಲೆ ಇನ್ನೊಂದು ಹೇಳಿದರು. ಸತ್ತವರನ್ನು ವಿಮಾನದಲ್ಲಿ ಊರಿಗೆ ಕಳಿಸಲು ತುರ್ಕಿ ಜನರ ನಿಧಿಗಳಿವೆ. ವರ್ಷವರ್ಷ ವಂತಿಗೆ ಕಟ್ಟಬೇಕು. ಅವರೂ ಕಟ್ಟಿದ್ದಾರೆ. "ಆ ಒಂದು ಸಲ ಮಾತ್ರ ವಿಮಾನ. ಅಲ್ಲಿಯವರೆಗೆ ರಸ್ತೆ."

ಈ ವರ್ಷ ವೈದ್ಯರು ಕಾರು ಮುಟ್ಟಕೂಡದೆಂದು ಕಟ್ಟಪ್ಪಣೆ ಮಾಡಿದ್ದರು. ಮಕ್ಕಳು ವಿಮಾನದ ಟಿಕೆಟು ಕೊಳ್ಳಹೊರಟರು. ಮೊಮ್ಮಗಳು, ಇಪ್ಪತ್ತನಾಲ್ಕರ ಹುಡುಗಿ, ತಾನು ನಡೆಸುತ್ತೇನೆಂದಳು. ಮನೆಯಲ್ಲಿ ದೊಡ್ಡ ರಗಳೆ. ಮಹಡಿಯ ಮೇಲಿದ್ದ ನಮಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತು. ಜಗಳ ಮುಗಿಯುವ ಮೊದಲೇ ನಾವು ಹೊರಟು ಬರುವ ದಿನ ಬಂತು. ಅಜ್ಜಿ ಬಾಗಿಲಿಗೆ ಬಂದು ನಮ್ಮ ಟ್ಯಾಕ್ಸಿಯ ಹಿಂದೆ ಒಂದು ತಂಬಿಗೆ ನೀರು ಚೆಲ್ಲಿದರು. ನೀರಿನಂತೆ ಸರಾಗವಾಗಿ ಹೋಗಿ ನೀರಿನಂತೆ ಬನ್ನಿರೆಂದು ಅದರ ಅರ್ಥ. ನಾವೂ ಹೋಗುವಾಗ ‘ಬರುತ್ತೇನೆ’ ಎಂದೇ ಹೇಳುವವರಲ್ಲವೆ? ನನ್ನಾಕೆ ಕನ್ನಡದಲ್ಲಿಯೇ ಹೇಳಿದಳು.

ಜುಲೈಯಲ್ಲಿ ಫೋನಿಗೆ ಒಂದು ಚಿತ್ರ ಬಂತು. ಕಾಪಿಕೂಲೆಯ ಸಾಲು, ಹುಡುಗಿಯ ಕೈ ಚಕ್ರದ ಮೇಲೆ. ಪಕ್ಕದ ಆಸನದಲ್ಲಿ ಆಬಿ, ತೊಡೆಯ ಮೇಲೆ ಹೆಚ್ಚಿದ ಸೌತೆಕಾಯಿಯ ಡಬ್ಬಿ.

ಕುಂದಾಪುರದ ಹತ್ತಿರ ನಮ್ಮದೊಂದು ಹಂಚಿನ ಮನೆಯಿದೆ; ಅದನ್ನು ಮಾರುವುದಕ್ಕೆ ಬೆಂಗಳೂರಿನ ತಮ್ಮ ಕಳಿಸಿದ ಕಾಗದ ಫೆಬ್ರವರಿಯಿಂದ ನನ್ನ ಮೇಜಿನ ಖಾನೆಯಲ್ಲಿದೆ. ತಮ್ಮನ ಲೆಕ್ಕ ತಪ್ಪೆಂದು ನಾನು ಹೇಳಲಾರೆ. ಚಿತ್ರ ಬಂದ ಸಂಜೆ, ಬೀಗದ ಕೈ ಇಟ್ಟುಕೊಂಡಿರುವ ನೆರೆಮನೆಯವರಿಗೆ ಫೋನು ಮಾಡಿ, ಮಳೆಗೆ ಮುಂಚೆ ಹಂಚು ಕೈಯಾಡಿಸಿದಿರಾ ಎಂದು ಕೇಳಿದೆ.

"ಇಲ್ಲ ಮಾರಾಯ್ರೆ, ಮಾರಾಟ ಆಯ್ತು ಅಂದ್ರು ನಿಮ್ಮ ತಮ್ಮ. ಅಡಿಗೆಮನೆ ಮೇಲೆ ಸೋರ್ತಾ ಉಂಟು."

ನಾನು ಸಹಿ ಹಾಕಿಲ್ಲವೆಂದು ಹೇಳಿ, ಹಂಚಿನ ಹಣ ಕಳಿಸಿದೆ. ಚೌತಿಗೆ ಎರಡು ಟಿಕೆಟು ತೆಗೆಸಿದ್ದೇನೆ. ತಮ್ಮನಿಗೆ ಇನ್ನೂ ತಿಳಿಸಿಲ್ಲ.